ಲೆಕ್ಕ ಬಿಟ್ಟು ತೂಕಕ್ಕೆ ಬಂದದ್ದು

ಪುಶ್‌ಅಪ್ ಹೊಡೆಯುವವರಿಗೆ ಒಂದು ಸಣ್ಣ ಗರ್ವ ಇರುತ್ತದೆ. ಖರ್ಚಿಲ್ಲ, ಸಲಕರಣೆ ಬೇಡ, ಜಗಲಿಯಲ್ಲಿ ಬಗ್ಗಿದರೆ ಆಯಿತು. ಬಂಟ್ವಾಳದಲ್ಲಿ ನಮ್ಮ ಓರಗೆಯ ಹುಡುಗರೆಲ್ಲ ವ್ಯಾಯಾಮ ಶುರು ಮಾಡಿದ್ದೇ ಹೀಗೆ. ಒಂದೇ ದಮ್ಮಿಗೆ ಐವತ್ತು ಹೊಡೆದವನಿಗೆ ಊರಲ್ಲಿ ಬೇರೆಯೇ ಮರ್ಯಾದೆ. ಅಂಥವನು ಜಿಮ್ಮಿನ ಬೆಂಚಿನ ಮೇಲೆ ಅಂಗಾತ ಮಲಗಿದರೆ ಏನಾಗುತ್ತದೆ ಎಂದು ನಾನು ಹೇಳಬಲ್ಲೆ. ರಾಡ್ ಗಡಗಡ ನಡುಗುತ್ತದೆ, ಎಡಗೈ ಮೊದಲು ಮೇಲೆ ಹೋಗುತ್ತದೆ, ಬಲಗೈ ಆಮೇಲೆ ಯೋಚಿಸುತ್ತದೆ.

ತೂಕದ ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ. ಪುಶ್‌ಅಪ್‌ನಲ್ಲಿ ನಾವು ಎತ್ತುವುದು ಇಡೀ ಮೈಯನ್ನಲ್ಲ, ಸುಮಾರು ಮೂರನೇ ಎರಡು ಭಾಗವನ್ನು. ಉಳಿದದ್ದನ್ನು ಪಾದ ಹೊರುತ್ತದೆ. ಒಂದು ಸಂಜೆ, ಬಾಗಿಲು ಹಾಕುವ ಹೊತ್ತಿಗೆ, ಪರಿಚಯದ ಅಡಿಕೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಕೈ ಊರಿ, ಕಾಲನ್ನು ಅಷ್ಟೇ ಎತ್ತರದ ಹಲಗೆಯ ಮೇಲಿಟ್ಟು ನೋಡಿದೆ. ಆಗ ನನ್ನ ತೂಕ 62 ಕೆಜಿ. ಕೈ ನೇರ ಇದ್ದಾಗ ಕೆಂಪು ಅಂಕಿ 43ರ ಆಸುಪಾಸು ಓಲಾಡಿತು. ಎದೆ ಇಳಿಸುತ್ತಾ ಹೋದಂತೆ 46ಕ್ಕೆ ಏರಿತು. ಅಂಗಡಿಯವರು, "ಈ ಮಾಲಿಗೆ ರೇಟು ಸಿಗ್ಲಿಕ್ಕಿಲ್ಲ ಮಾರಾಯ" ಅಂದರು.

ಹಾಗಾದರೆ 45 ಕೆಜಿಯ ಬೆಂಚ್ ಪ್ರೆಸ್ ನೀರು ಕುಡಿದಷ್ಟು ಸುಲಭ ಆಗಬೇಕಿತ್ತಲ್ಲ? ಆಗುವುದಿಲ್ಲ. ನೆಲ ಅಲುಗುವುದಿಲ್ಲ, ರಾಡ್ ಅಲುಗುತ್ತದೆ. ನೆಲದ ಮೇಲೆ ಕೈ ಊರಿದಲ್ಲೇ ಇರುತ್ತದೆ, ದೇಹ ಚಲಿಸುತ್ತದೆ; ಬೆಂಚಿನಲ್ಲಿ ಮೈ ಕದಲಬಾರದು, ಕೈಗಳು ಗಾಳಿಯಲ್ಲಿ ದಾರಿ ಹುಡುಕಬೇಕು. ಪುಶ್‌ಅಪ್‌ನಲ್ಲಿ ಹೆಗಲ ಹಲಗೆಗಳು ಬೆನ್ನ ಮೇಲೆ ಸಲೀಸಾಗಿ ಜಾರಾಡುತ್ತವೆ, ಇಲ್ಲಿ ಅವನ್ನು ಬೆಂಚಿಗೆ ಒತ್ತಿ ಹಿಡಿಯಬೇಕು. ಸ್ನಾಯು ಅದೇ, ಕಸುಬು ಬೇರೆ.

ಇದನ್ನು ನನ್ನ ತಲೆಗೆ ಹತ್ತಿಸಿದವರು ಬೆಳ್ತಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸಿಕ್ಕಿದ ಒಬ್ಬ ಹಿರಿಯ ಪವರ್‌ಲಿಫ್ಟರ್. ನಾನು ಹಗುರ ತೂಕ ಹಾಕಿಕೊಂಡು ಇಪ್ಪತ್ತು, ಇಪ್ಪತ್ತೈದು ಎಂದು ಉಸಿರು ಬಿಡುತ್ತಿದ್ದಾಗ ಹತ್ತಿರ ಬಂದು ಕೇಳಿದರು: "ಎಂತ, ಲೆಕ್ಕ ಮಾಡ್ಲಿಕ್ಕೆ ಬಂದದ್ದಾ, ತೂಕ ಎತ್ಲಿಕ್ಕೆ ಬಂದದ್ದಾ?" ಅವರ ಪಾಠ ಕೇಳಲು ಸಪ್ಪೆ. ಐದೈದರ ಕೆಲವು ಸೆಟ್. ನಡುವೆ ಮೂರು ನಿಮಿಷ ಸುಮ್ಮನೆ ಕೂರುವುದು. ಇನ್ನೂ ಒಂದೆರಡು ಎತ್ತಬಹುದು ಅನ್ನಿಸುವಾಗಲೇ ರಾಡ್ ಇಡುವುದು. ವಾರಕ್ಕೆ ಎರಡು ಸಲ, ಅಷ್ಟೇ.

ಪುಶ್‌ಅಪ್ ಜನಕ್ಕೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಕೈ ಸೋತು ನೆಲಕ್ಕೆ ಬೀಳುವ ತನಕ ಹೊಡೆದರೇ ವ್ಯಾಯಾಮ ಎಂದು ಮೈಯೇ ನಂಬಿರುತ್ತದೆ. ಆದರೆ ಉರಿ ಹತ್ತುವುದು ತಾಳಿಕೆಯ ಲಕ್ಷಣ, ಬಲದ್ದಲ್ಲ. ಮೊದಲ ಕೆಲವು ವಾರ ತೂಕ ಏರುವುದು ಎದೆ ದಪ್ಪವಾಗಿ ಅಲ್ಲ. ನರಗಳು ಇದ್ದ ಸ್ನಾಯುವನ್ನೇ ಒಟ್ಟಿಗೆ ದುಡಿಸಲು ಕಲಿತು. ದಣಿದ ಮೈ ಆ ಕಲಿಕೆಯನ್ನು ಕೆಡಿಸುತ್ತದೆ.

ಮಲಗುವುದನ್ನೂ ಕಲಿಯಬೇಕಾಯಿತು. ಕಣ್ಣು ರಾಡಿನ ನೇರ ಕೆಳಗೆ. ಹೆಗಲ ಹಲಗೆ ಹಿಂದಕ್ಕೆ, ಕೆಳಕ್ಕೆ. ಪಾದ ಪೂರ್ತಿ ನೆಲಕ್ಕೆ, ಒತ್ತಿ. ಹೆಬ್ಬೆರಳು ರಾಡನ್ನು ಸುತ್ತಲೇಬೇಕು. ಸ್ಟೈಲಿಗೆಂದು ಅದನ್ನು ಹಿಂದೆ ಬಿಡುವ ಹುಡುಗರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ರಾಡ್ ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಎಲುಬಿನ ನೇರಕ್ಕೆ ಕೂರಬೇಕು. ಮೊಣಕೈ ಹೆಗಲಿನ ಸಾಲಿನಲ್ಲೇ ಅಗಲಕ್ಕೆ ಚಾಚಬಾರದು, ತುಸು ಪಕ್ಕೆಯತ್ತ ಬರಬೇಕು. ರಾಡ್ ಇಳಿಯುವುದು ಎದೆಯ ಕೆಳಭಾಗಕ್ಕೆ, ಏರುವಾಗ ಸ್ವಲ್ಪ ಹಿಂದಕ್ಕೆ ಬಾಗಿ ಹೆಗಲ ನೇರಕ್ಕೆ ನಿಲ್ಲುತ್ತದೆ. ಎತ್ತುವ ತೂಕ ಅಷ್ಟೇ ಇದ್ದರೂ ಇಷ್ಟರಿಂದಲೇ ನಡುಕ ನಿಂತಿತು.

ಬೆಳ್ತಂಗಡಿ ತಾಲೂಕಿನಲ್ಲಿ ತೂಕದ ಮಾತು ಬಂದರೆ ಗುರುರಾಜ ಪೂಜಾರಿಯವರ ಹೆಸರು ಬಾರದೆ ಇರುವುದಿಲ್ಲ. ಕುಂದಾಪುರ ಕಡೆಯವರು, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿದ್ದಾಗ ವೇಟ್‌ಲಿಫ್ಟಿಂಗ್ ಹಿಡಿದವರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಒಟ್ಟು 249 ಕೆಜಿಗೆ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆಜಿಗೆ ಕಂಚು. "ಅವರ ಬೆಂಚ್ ಎಷ್ಟು?" ಎಂದು ಹುಡುಗರು ಕೇಳುವುದುಂಟು. ಅವರ ಪಂದ್ಯದಲ್ಲಿ ಬೆಂಚೇ ಇಲ್ಲ. ಸ್ನ್ಯಾಚ್ ಮತ್ತು ಕ್ಲೀನ್ ಆ್ಯಂಡ್ ಜರ್ಕ್ ಸೇರಿದ ಮೊತ್ತ ಅದು. ಬರೀ ಬೆಂಚ್ ನೋಡಬೇಕಿದ್ದರೆ ಪ್ಯಾರಾ ಪವರ್‌ಲಿಫ್ಟಿಂಗ್ ನೋಡಬೇಕು. ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಹರಿಯಾಣದ ಸುಧೀರ್ 212 ಕೆಜಿ ಎತ್ತಿ ಚಿನ್ನ ಗೆದ್ದರು, ಕಾಲನ್ನೂ ಬೆಂಚಿನ ಮೇಲೆಯೇ ಚಾಚಿಕೊಂಡು. ನೆಲಕ್ಕೆ ಪಾದ ಒತ್ತಿಯೂ 60 ಕೆಜಿಗೆ ಪರದಾಡುತ್ತಿದ್ದ ನಾನು ಆ ವಿಡಿಯೋ ನೋಡಿ ಫೋನ್ ಕಿಸೆಗೆ ಹಾಕಿದ್ದೆ.

ಮುಂದೆ ಮೂಡುಬಿದಿರೆಗೆ ಬಂದಾಗ ನನ್ನ ಬಲ ಒಂದೇ ರಾತ್ರಿಯಲ್ಲಿ ಕುಸಿದಂತೆ ಕಂಡಿತು. ಕಾರಣ ರಾಡ್. ಸ್ಪರ್ಧೆಯ ರಾಡ್ 20 ಕೆಜಿ, ಉದ್ದ 2.2 ಮೀಟರ್. ನಾನು ಹಿಂದೆ ಎತ್ತುತ್ತಿದ್ದದ್ದು ಗಿಡ್ಡದ್ದು, ತೂಗಿದರೆ ಹತ್ತೂ ಬಾರದ್ದು. ಅದನ್ನು ಎಲ್ಲರೂ ಕಣ್ಣುಮುಚ್ಚಿ ಇಪ್ಪತ್ತು ಎಂದೇ ಲೆಕ್ಕ ಹಿಡಿಯುತ್ತಿದ್ದರು. ಹೊಸ ಜಿಮ್ಮಿಗೆ ಹೋದರೆ ಮೊದಲು ರಾಡನ್ನು ತೂಗಿ. ಎರಡನೆಯದಾಗಿ 1.25 ಕೆಜಿಯ ಪ್ಲೇಟ್ ಇದೆಯೇ ನೋಡಿ. ಅದಿಲ್ಲದೆ ಸಲಕ್ಕೆ ಐದು ಕೆಜಿ ಏರಿಸಲು ಹೊರಟರೆ ಬೇಗನೆ ಗೋಡೆಗೆ ಡಿಕ್ಕಿ. ಅಂಗಿಯ ಗುಂಡಿಯಷ್ಟೇ ಪುಟ್ಟದಾಗಿ ಕಾಣುವ ಆ ಪ್ಲೇಟನ್ನು ಎರಡೂ ಬದಿಗೆ ಸೇರಿಸಿ, ಎರಡೂವರೆ ಎರಡೂವರೆ ಏರಿಸಿಯೇ ನಾನು 80 ಮುಟ್ಟಿದ್ದು. ಒಬ್ಬನೇ ಇರುವಾಗ ರಾಡಿನ ಕ್ಲಿಪ್ ಹಾಕುವುದಿಲ್ಲ. ಸಿಕ್ಕಿಕೊಂಡರೆ ವಾಲಿಸಿ ಪ್ಲೇಟ್ ಕೆಡವಬಹುದು. ಭಾರದ ದಿನ ಹಿಂದೆ ಒಬ್ಬರು ನಿಲ್ಲಲೇಬೇಕು, ಅವರು ರಾಡ್ ಮುಟ್ಟಿದ ರೆಪ್ ಲೆಕ್ಕಕ್ಕಿಲ್ಲ.

ಸ್ಪರ್ಧೆಯ ನಿಯಮವನ್ನೂ ಇಲ್ಲಿಯೇ ರೂಢಿ ಮಾಡಿಕೊಂಡೆ: ರಾಡ್ ಎದೆಯ ಮೇಲೆ ನಿಶ್ಚಲ ನಿಲ್ಲಬೇಕು, ರೆಫರಿ 'ಪ್ರೆಸ್' ಎಂದ ಮೇಲೆಯೇ ಎತ್ತಬೇಕು, ಪೃಷ್ಠ ಬೆಂಚು ಬಿಡಬಾರದು. ಎದೆಗೆ ಬಡಿದು ಪುಟಿಸುವ ಚಾಳಿ ಇದರಿಂದ ತಾನಾಗಿ ಬಿಡುತ್ತದೆ.

ಊಟದ ಬಗ್ಗೆ ಪುಡಿ ಡಬ್ಬಿ ಮಾರುವವರು ಹೇಳುವಷ್ಟು ಗಹನವಾದದ್ದೇನಿಲ್ಲ. ಕುಚ್ಚಲಕ್ಕಿ ಗಂಜಿಗೆ ಬೂತಾಯಿ ಇದ್ದರೆ ಅರ್ಧ ಕೆಲಸ ಆಯಿತು. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳಿಗೆ ನಿಷೇಧ, ಮೀನಿನ ರೇಟು ಕೇಳುವ ಹಾಗಿಲ್ಲ. ಆಗ ಮೊಟ್ಟೆ, ಹುರುಳಿ.

ಪುಶ್‌ಅಪ್ ಬಿಡಬೇಕೇ ಎಂದು ಬಹಳ ಜನ ಕೇಳುತ್ತಾರೆ. ನಾನು ಬಿಟ್ಟಿಲ್ಲ. ಬೆಂಚಿನಲ್ಲಿ ಕಟ್ಟಿಹಾಕಿದ ಹೆಗಲ ಹಲಗೆಗಳಿಗೆ ಓಡಾಡಲು ಬೇರೆ ದಿನ ಪುಶ್‌ಅಪ್ ಬೇಕು. ಜೊತೆಗೆ, ತಳ್ಳಿದಷ್ಟೇ ಎಳೆಯಬೇಕು: ಬಗ್ಗಿ ರಾಡನ್ನು ಹೊಟ್ಟೆಗೆ ಎಳೆಯುವ ರೋಯಿಂಗ್ ಶುರು ಮಾಡಿದ ಮೇಲೆಯೇ ಹೆಗಲಿನ ಮುಂಭಾಗದ ಸಣ್ಣ ನೋವು ಹೋಯಿತು, ನಿಂತುಹೋಗಿದ್ದ ಬೆಂಚ್ ಮತ್ತೆ ಏರಿತು. ಪುಶ್‌ಅಪ್‌ನಲ್ಲಿ ಈಗಲೂ ಐವತ್ತು ದಾಟುತ್ತದೆ, ಆದರೆ ಎಣಿಸುವುದು ಇಪ್ಪತ್ತಕ್ಕೇ ನಿಲ್ಲಿಸುತ್ತೇನೆ. ಮರುದಿನ ಬೆಂಚ್ ಇರುತ್ತದೆ.