ಜಿನ್ ಇರುವ ಮನೆಯಲ್ಲಿ ಒಂದು ಲೆಕ್ಕದ ಪಾಠ

ದೇವನಹಳ್ಳಿ ಕೋಟೆಯೊಳಗೆ ಒಂದು ಪಾಳುಮನೆಯಿದೆ. ‘ಮಗ್ರಿಬ್ ಆದ ಮೇಲೆ ಅತ್ತ ಹೋಗಬೇಡ ಬೇಟಾ, ಜಿನ್ ಇದೆ’ ಎನ್ನುತ್ತಿದ್ದರು ನಾನಿ. ಚಿಕ್ಕವನಿದ್ದಾಗ ಅದರ ಬಾಗಿಲಿನಿಂದಲೇ ಓಡಿ ಬಂದಿದ್ದೆ. ಕಳೆದ ರಜೆಯಲ್ಲಿ ಮಾಮು ಜೊತೆ ಒಳಗೆ ಹೋದೆ. ತಲೆಯ ಮೇಲೆ ಏನೋ ಪಟಪಟನೆ ಹಾರಿತು. ಎದೆ ಧಸಕ್ಕೆಂದಿತು. ನೋಡಿದರೆ ಬಾವಲಿ!

‘ಇದು ದಿವಾನ್ ಪೂರ್ಣಯ್ಯನವರ ಮನೆ’ ಎಂದರು ಮಾಮು. ವಾಣಿಜ್ಯ ವಿದ್ಯಾರ್ಥಿಯಾದ ನಾನು ಬೆರಗಾದೆ. ವರ್ತಕರೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದ ಪೂರ್ಣಯ್ಯನವರು ಮುಂದೆ ಹೈದರಾಲಿ, ಟಿಪ್ಪು ಸುಲ್ತಾನರ ಹಣಕಾಸು ನೋಡಿಕೊಂಡರು. 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದರು. ಟಿಪ್ಪು ಹುಟ್ಟಿದ ಸ್ಥಳವೂ ಈ ಕೋಟೆಯ ಹತ್ತಿರವೇ ಇದೆ. 1501ರಲ್ಲಿ ಮಲ್ಲಬೈರೇಗೌಡರು ಮಣ್ಣಿನಿಂದ ಕಟ್ಟಿಸಿದ ಕೋಟೆ ಮುಂದೆ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ವಶಪಡಿಸಿಕೊಂಡಿತು.

ನಮ್ಮ ಲೆಕ್ಕಶಾಸ್ತ್ರದಲ್ಲಿ ‘ಸವಕಳಿ’ ಎಂಬ ಪಾಠವಿದೆ: ಆಸ್ತಿಯ ಬೆಲೆ ವರ್ಷವರ್ಷವೂ ಇಳಿಯುತ್ತದೆ. ಕಟ್ಟಡವನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಬಹುದು. ಆದರೆ ಜಿನ್ ಇದೆ ಎಂದು ಎಲ್ಲರೂ ದೂರ ಉಳಿದರೆ ಗೋಡೆ ಕುಸಿಯುವುದನ್ನು ನೋಡುವವರು ಯಾರು?

ಮನೆಗೆ ಬಂದು ನಾನಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಂದಿನ ಸಲ ನನ್ನನ್ನೂ ಕರೆದುಕೊಂಡು ಹೋಗು. ಆದರೆ ಹಗಲು ಹೊತ್ತು!’ ಎಂದರು.