ಬೆಳೆದಿದ್ದೇನೆ ಅನ್ನಿಸುತ್ತದೆ, ನಂಬುವುದು ಹೇಗೆ?

ಪ್ರಶ್ನೆ: ನನಗೀಗ 52 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮಕ್ಕಳು ಕೆಲಸಕ್ಕೆ ಸೇರಿದ್ದಾರೆ, ಮನೆ ಸಾಲ ತೀರಿದೆ. ಮೊದಲಿನ ಸಿಡುಕು ಈಗಿಲ್ಲ, ಪಕ್ವವಾಗಿದ್ದೇನೆ ಅನ್ನಿಸುತ್ತದೆ. ಆದರೆ ತೃಪ್ತಿ ಇದೆಯೇ ಎಂದು ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ಇತ್ತೀಚೆಗೆ ಹುರುಪೂ ಕಡಿಮೆ. ನಮ್ಮ ಬೆಳವಣಿಗೆಯನ್ನು, ಮನಸ್ಸಿನ ತೃಪ್ತಿಯನ್ನು ನಾವೇ ಅಳೆದುಕೊಳ್ಳಬಹುದೇ?

ಉತ್ತರ: ಅಳೆದುಕೊಳ್ಳಬಹುದು. ಆದರೆ ನೀವು ಒಂದೇ ಉಸಿರಿನಲ್ಲಿ ಕೇಳಿರುವ ಎರಡನ್ನೂ ಮೊದಲು ಬಿಡಿಸಿಡಬೇಕು. ತೃಪ್ತಿ ಮತ್ತು ಬೆಳವಣಿಗೆ ಯಾವಾಗಲೂ ಜೊತೆಯಾಗಿ ಏರುವುದಿಲ್ಲ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಂಡ ವರ್ಷದಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಆದರೂ ಆ ವರ್ಷ ಅವರನ್ನು ಎಷ್ಟೋ ಬೆಳೆಸಿರುತ್ತದೆ.

ತೃಪ್ತಿಯ ಲೆಕ್ಕ ಸುಲಭ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಇರುವುದು ಐದೇ ಹೇಳಿಕೆ. ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೀರಿ ಎಂಬುದಕ್ಕೆ 1ರಿಂದ 7ರವರೆಗೆ ಅಂಕ. ಒಟ್ಟು 5ರಿಂದ 35. ನಡುಬಿಂದು 20. ಎರಡು ನಿಮಿಷದ ಕೆಲಸ. ಒಂದು ದಿನದ ಅಂಕಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆರಾರು ತಿಂಗಳಿಗೊಮ್ಮೆ ಬರೆದಿಟ್ಟರೆ ಮಾತ್ರ ಅದು ಏನನ್ನಾದರೂ ಹೇಳುತ್ತದೆ.

ಬೆಳವಣಿಗೆಯ ವಿಷಯಕ್ಕೆ ಕೆರೊಲ್ ರಿಫ್ ಅವರ ಕೆಲಸ ನೋಡಬೇಕು. ಖುಷಿಯೊಂದನ್ನೇ ಅಳೆದರೆ ಸಾಲದು ಎಂದು ವಾದಿಸಿದ ಅವರು 1989ರಲ್ಲಿ ಮನಸ್ಸಿನ ಸುಸ್ಥಿತಿಗೆ ಆರು ಮುಖಗಳನ್ನು ಗುರುತಿಸಿದರು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಆಪ್ತ ಸಂಬಂಧಗಳು, ಸ್ವಂತ ನಿಲುವು, ದಿನನಿತ್ಯದ ಬದುಕಿನ ಮೇಲೆ ಹಿಡಿತ, ಬದುಕಿಗೊಂದು ಗುರಿ, ಬೆಳೆಯುತ್ತಿದ್ದೇನೆ ಎಂಬ ಅರಿವು. ಅವರ ಅಧ್ಯಯನಗಳಲ್ಲಿ ವಯಸ್ಸಾದವರ ಸರಾಸರಿ ನೋಡಿದರೆ ದಿನನಿತ್ಯದ ಹಿಡಿತ ಹೆಚ್ಚಿತ್ತು. ಗುರಿ ಮತ್ತು ಬೆಳವಣಿಗೆಯ ಅಂಕಗಳು ಕಡಿಮೆಯಿದ್ದವು. ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಇದೇ. ಸಾಲ ತೀರಿದೆ, ಮಕ್ಕಳು ದಡ ಸೇರಿದ್ದಾರೆ, ಪಾಠ ಕೈಗೆ ಪಳಗಿದೆ. ಇಷ್ಟು ವರ್ಷ ನಿಮ್ಮನ್ನು ಎಳೆದುಕೊಂಡು ಹೋಗುತ್ತಿದ್ದ ಗುರಿಗಳೆಲ್ಲ ಮುಟ್ಟಿಯಾಗಿವೆ. ಹಾಗಿರುವಾಗ ತೃಪ್ತಿಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ನಿಮ್ಮಲ್ಲಿ ಏನೋ ಕೊರತೆಯಿದೆ ಎಂದುಕೊಳ್ಳಬೇಡಿ.

ಈಗ ಕಷ್ಟದ ಭಾಗ. ‘ಮೊದಲಿನ ಸಿಡುಕು ಈಗಿಲ್ಲ’ ಎಂದು ಬರೆದಿದ್ದೀರಿ. ಆ ‘ಮೊದಲು’ ಎಂಬುದು ನಿಮಗೆ ಎಲ್ಲಿಂದ ಸಿಕ್ಕಿತು? ನೆನಪಿನಿಂದ ತಾನೇ?

ಕೆನಡಾದ ಮೈಕೆಲ್ ಕಾನ್ವೇ ಮತ್ತು ಮೈಕೆಲ್ ರಾಸ್ 1984ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಶಿಕ್ಷಕಿಯಾದ ನಿಮಗೆ ವಿಶೇಷವಾಗಿ ತಟ್ಟೀತು. ಓದುವ ಕೌಶಲ ಕಲಿಸುವ ತರಬೇತಿಗೆ ಬಂದ ವಿದ್ಯಾರ್ಥಿಗಳಿಂದ ಮೊದಲೇ ಅವರ ಸಾಮರ್ಥ್ಯಕ್ಕೆ ಅವರ ಕೈಯಲ್ಲೇ ಅಂಕ ಹಾಕಿಸಿದರು. ಕೆಲವರಿಗೆ ತರಬೇತಿ ಸಿಕ್ಕಿತು, ಉಳಿದವರು ಕಾಯುವ ಪಟ್ಟಿಯಲ್ಲಿದ್ದರು. ತರಬೇತಿ ಮುಗಿದ ಮೇಲೆ, ಅಂದು ಎಷ್ಟು ಅಂಕ ಹಾಕಿಕೊಂಡಿದ್ದಿರಿ ಎಂದು ಕೇಳಿದರು. ತರಬೇತಿ ಪಡೆದವರು ತಾವು ನಿಜವಾಗಿ ಹಾಕಿಕೊಂಡಿದ್ದಕ್ಕಿಂತ ಕಡಿಮೆ ಅಂಕ ಹೇಳಿದರು. ಸುಳ್ಳು ಹೇಳಬೇಕೆಂದಲ್ಲ, ಅವರಿಗೆ ನೆನಪಿದ್ದದ್ದೇ ಹಾಗೆ. ಪರೀಕ್ಷೆಯಲ್ಲಿ ನೋಡಿದರೆ ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಇವರ ಸಾಧನೆ ಮೇಲಿರಲಿಲ್ಲ. ಶ್ರಮಪಟ್ಟಿದ್ದೇವೆ, ಸುಧಾರಿಸಿರಲೇಬೇಕು ಎಂಬ ನಂಬಿಕೆ ಹಿಂದಿನದನ್ನು ತಗ್ಗಿಸಿ ಈಗಿನದನ್ನು ಎತ್ತರವಾಗಿ ತೋರಿಸಿತ್ತು. ಧ್ಯಾನ ಶಿಬಿರ, ವ್ಯಕ್ತಿತ್ವ ವಿಕಸನದ ಕಾರ್ಯಾಗಾರಗಳಿಂದ ಬಂದವರು ‘ನಾನೀಗ ಬೇರೆಯೇ ಮನುಷ್ಯ’ ಎಂದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಆದ್ದರಿಂದ ಈ ವಾರವೇ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ. ‘ತಾಳ್ಮೆ ಹೆಚ್ಚಿದೆ’ ಎಂಬಂಥ ತೀರ್ಪುಗಳನ್ನು ಬರೆಯಬೇಡಿ, ನಡೆದದ್ದನ್ನು ಬರೆಯಿರಿ. ಎಂಟನೇ ತರಗತಿಯ ಹುಡುಗ ಎದುರುತ್ತರ ಕೊಟ್ಟಾಗ ಏನು ಮಾಡಿದಿರಿ? ನಿಮಗಿಂತ ಕಿರಿಯರು ಮುಖ್ಯ ಶಿಕ್ಷಕರಾದಾಗ ಮನಸ್ಸು ಹೇಗಿತ್ತು? ‘ನನ್ನದು ತಪ್ಪಾಯಿತು’ ಎಂದು ಕೊನೆಯ ಬಾರಿ ಯಾರಿಗೆ ಹೇಳಿದಿರಿ? ಬರದಿದ್ದದ್ದನ್ನು ಹೊಸದಾಗಿ ಕಲಿತದ್ದು ಯಾವಾಗ? ಮುಂದಿನ ವರ್ಷ ಇದೇ ಪ್ರಶ್ನೆಗಳಿಗೆ ಹಳೆಯ ಪುಟ ತೆರೆಯದೆ ಉತ್ತರ ಬರೆದು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಹಳೆಯ ಡೈರಿ, ತಂಗಿಗೆ ಬರೆದ ಕಾಗದಗಳು ಮನೆಯಲ್ಲಿದ್ದರೆ ನಿಮ್ಮ ಪುಣ್ಯ; ಇಂದೇ ಹೋಲಿಸಬಹುದು.

ಬೇರೆಯವರನ್ನೂ ಕೇಳಿ. ಸಿಮೀನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆತಂಕದಂಥ ಒಳಗಿನ ಸಂಗತಿ ನಮಗೇ ಚೆನ್ನಾಗಿ ಗೊತ್ತು; ಜಾಣತನ, ಸೃಜನಶೀಲತೆಯಂಥ ಹೊಗಳಿಕೆ-ತೆಗಳಿಕೆ ಬೆರೆತ ಗುಣಗಳನ್ನು ಗೆಳೆಯರು ನಮಗಿಂತ ಸರಿಯಾಗಿ ಅಂದಾಜಿಸುತ್ತಾರೆ. ‘ನಾನು ಬದಲಾಗಿದ್ದೇನಾ?’ ಎಂದರೆ ಮಗಳು ‘ಹೌದಮ್ಮ, ತುಂಬಾ’ ಎಂದು ಮುಗಿಸಿಬಿಡುತ್ತಾಳೆ. ‘ನನಗೆ ಹೇಳಲು ಈಗಲೂ ಹೆದರುವ ವಿಷಯ ಯಾವುದಾದರೂ ಇದೆಯೇನೇ?’ ಎಂದು ಕೇಳಿ ನೋಡಿ. ಉತ್ತರ ಬಂದಾಗ ಸಮಜಾಯಿಷಿ ಕೊಡಲು ಹೋಗಬೇಡಿ.

ಇನ್ನು ಹುರುಪಿನ ಮಾತು. ಇದನ್ನು ಬೆಳವಣಿಗೆಯ ಲೆಕ್ಕಕ್ಕೆ ಸೇರಿಸಬೇಡಿ. ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ದಿನವೂ ಮನಸ್ಸು ಮಂಕಾಗಿದ್ದರೆ, ಇಷ್ಟದ ಕೆಲಸಗಳೂ ಬೇಡವೆನಿಸಿದರೆ, ನಿದ್ದೆ, ಹಸಿವು ಏರುಪೇರಾಗಿದ್ದರೆ ಅದು ಖಿನ್ನತೆಯಿರಬಹುದು. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್, ರಕ್ತಹೀನತೆ, ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿ. ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲಿರಲಿ ರಾತ್ರಿಯಿರಲಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ನೋಟ್‌ಬುಕ್ ಕೆಲಸ ಅದಾದ ಮೇಲೆಯೇ ಶುರುಮಾಡಿದರೂ ಏನೂ ತಡವಾಗುವುದಿಲ್ಲ.