ನೆರೆ ಬಂದಾಗ ಔಷಧ ಕೈಕೊಡದಿರಲು

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಹಾಸನ ಜಿಲ್ಲೆಗೂ ಪೆಟ್ಟು ಬಿತ್ತು. ಶಿರಾಡಿ ಘಾಟಿ ಮುಚ್ಚಿತು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ಮಣ್ಣು ಬಿತ್ತು, ರಾಮನಾಥಪುರದಲ್ಲಿ ಕಾವೇರಿ ದಡದ ಮನೆಗಳಿಗೆ ನೀರು ನುಗ್ಗಿತು. ಮರುವರ್ಷ ಆಗಸ್ಟ್‌ನಲ್ಲಿ ಮತ್ತೆ ನೆರೆ. ಇಂಥ ಹೊತ್ತಿನಲ್ಲಿ ಅಕ್ಕಿ, ಬೇಳೆ, ಕಂಬಳಿ ಬೇಗ ಬಂದು ಸೇರುತ್ತವೆ. ದಿನವೂ ತಪ್ಪಿಸಬಾರದ ಬಿ.ಪಿ. ಮಾತ್ರೆ, ಇನ್ಸುಲಿನ್, ಫಿಟ್ಸ್ ಮಾತ್ರೆಯ ನೆನಪಾಗುವುದು ಯಾರಾದರೂ ಕುಸಿದು ಬಿದ್ದಾಗ. ಜಿಲ್ಲೆಯ ಯಾವುದೋ ಮೂಲೆಯಲ್ಲಿ ಆ ಔಷಧ ಇದ್ದೇ ಇರುತ್ತದೆ. ಬೇಕಾದವರ ಹತ್ತಿರ ಇರುವುದಿಲ್ಲ, ಅಷ್ಟೇ. ಆ ಅಂತರವನ್ನು ಮಳೆಗಾಲಕ್ಕೆ ಮೊದಲೇ ಮುಚ್ಚಿಕೊಳ್ಳುವುದು ಹೇಗೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಾಮ ಪಂಚಾಯಿತಿ ಮತ್ತು ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದೆ.

ಮೊದಲು ನದಿಯನ್ನು ನೋಡಿ

ಹೊಳೆನರಸೀಪುರಕ್ಕೂ ಅರಕಲಗೂಡಿಗೂ ಒಂದೇ ಯೋಜನೆ ಹೊಂದುವುದಿಲ್ಲ. ಹೊಳೆನರಸೀಪುರದ ಮೇಲ್ಭಾಗದಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಇದೆ. ಅದರ ಗರಿಷ್ಠ ಮಟ್ಟ 2,922 ಅಡಿ. ಮಟ್ಟ ಅದರ ಹತ್ತಿರ ಬಂತು, ಒಳಹರಿವು ಏರುತ್ತಿದೆ ಎಂದರೆ ಕ್ರೆಸ್ಟ್ ಗೇಟ್ ತೆರೆಯುತ್ತಾರೆ ಎಂದೇ ಲೆಕ್ಕ. ಕೆಳಗಿನ ಊರಿಗೆ ಎಚ್ಚರಿಕೆಯೂ ಸಿಗುತ್ತದೆ, ಸ್ವಲ್ಪ ಸಮಯವೂ ಸಿಗುತ್ತದೆ.

ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರದ ಕಥೆ ಬೇರೆ. ಅಲ್ಲಿಗೆ ಬರುವ ಕಾವೇರಿಯ ಮೂಲ ಹರಿವನ್ನು ತಡೆದು ನಿಲ್ಲಿಸುವ ದೊಡ್ಡ ಕಟ್ಟೆ ಮೇಲೆಲ್ಲೂ ಇಲ್ಲ. ಹಾರಂಗಿ ಇರುವುದು ಉಪನದಿಯ ಮೇಲೆ. ಭಾಗಮಂಡಲದಲ್ಲಿ ಜಡಿಮಳೆ ಹಿಡಿದು, ಹಾರಂಗಿಯಿಂದಲೂ ನೀರು ಬಿಟ್ಟರೆ ಎರಡೂ ಸೇರಿ ಬರುತ್ತವೆ. ಹಾಗಾಗಿ ಅಲ್ಲಿನವರು ಗೊರೂರಿನ ಮಟ್ಟ ನೋಡಿ ಕೂರಬಾರದು. ಭಾಗಮಂಡಲ, ಕುಶಾಲನಗರದ ಸುದ್ದಿ ಕೇಳಬೇಕು.

ಚನ್ನರಾಯಪಟ್ಟಣಕ್ಕೆ ಈ ಭಯ ಇಲ್ಲ. ಊರ ಪಕ್ಕ ದೊಡ್ಡ ಹೊಳೆ ಇಲ್ಲ, ಬೆಂಗಳೂರು–ಮಂಗಳೂರು ಹೆದ್ದಾರಿ ಇದೆ, 2017ರಿಂದ ಬೆಂಗಳೂರಿಗೆ ನೇರ ರೈಲುಮಾರ್ಗವೂ ಇದೆ. ನನ್ನ ಕೇಳಿದರೆ, ನೆರೆಯ ತಿಂಗಳುಗಳಲ್ಲಿ ಜಿಲ್ಲೆಯ ಮೀಸಲು ಔಷಧದ ಒಂದು ಪಾಲನ್ನು ಇಲ್ಲಿಯೇ ಇಡಬೇಕು. ಎಲ್ಲವನ್ನೂ ಹಾಸನದ ಉಗ್ರಾಣದಲ್ಲಿಟ್ಟು, ರಸ್ತೆ ಕಡಿದ ಮೇಲೆ ಜೀಪು ಹುಡುಕುವುದು ಬುದ್ಧಿವಂತಿಕೆಯಲ್ಲ. ಈ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು ಯಾವ ಕೇಂದ್ರಕ್ಕೆ ಯಾವ ಊರಿನಿಂದ, ಯಾವ ರಸ್ತೆಯಲ್ಲಿ ಔಷಧ ಬರಬೇಕು, ಆ ರಸ್ತೆ ಮುಚ್ಚಿದರೆ ಬದಲಿ ಯಾವುದು ಎಂದು ಮೇ ತಿಂಗಳಲ್ಲೇ ಕೂತು ಬರೆದಿಟ್ಟುಕೊಳ್ಳಲಿ.

ಮೃಗಶಿರ ಮಳೆಗೆ ಮೊದಲು: ಲೆಕ್ಕ

ಇಂಡೆಂಟ್ (ಔಷಧದ ಬೇಡಿಕೆ ಪಟ್ಟಿ) ಹಾಕುವಾಗ ಕಳೆದ ವರ್ಷದ ಅಂಕಿಗೆ ಹತ್ತು ಪರ್ಸೆಂಟ್ ಸೇರಿಸಿ ಕಳಿಸುವ ರೂಢಿ ಹಲವು ಕಡೆ ಇದೆ. ಅದರಿಂದ ಕೊರತೆ ವರ್ಷ ವರ್ಷ ಮುಂದುವರಿಯುತ್ತದೆ. ಉದಾಹರಣೆಗೆ, ಒಂದು ಕೇಂದ್ರದಲ್ಲಿ ಮೂರು ತಿಂಗಳಲ್ಲಿ 3,000 ಮೆಟ್‌ಫಾರ್ಮಿನ್ ಮಾತ್ರೆ ಖರ್ಚಾಗಿದೆ ಎನ್ನಿ. 90 ದಿನಕ್ಕೆ ಭಾಗಿಸಿದರೆ ದಿನಕ್ಕೆ 33. ಆದರೆ ಆ ಅವಧಿಯಲ್ಲಿ 30 ದಿನ ಮಾತ್ರೆಯೇ ಇರಲಿಲ್ಲವಾದರೆ ಭಾಗಿಸಬೇಕಾದದ್ದು 60ರಿಂದ. ದಿನದ ನಿಜವಾದ ಬೇಡಿಕೆ 50. ಸ್ಟಾಕ್ ರಿಜಿಸ್ಟರ್‌ನಲ್ಲಿ ಔಷಧ ಇಲ್ಲದ ದಿನಗಳನ್ನೂ ಗುರುತು ಹಾಕುವ ಫಾರ್ಮಸಿ ಅಧಿಕಾರಿಗೆ ಮಾತ್ರ ಇದು ತಿಳಿಯುತ್ತದೆ.

ಮಾತ್ರೆಯ ಲೆಕ್ಕದ ಜೊತೆ ಜನರ ಲೆಕ್ಕವೂ ಬೇಕು. ಆಶಾ ಕಾರ್ಯಕರ್ತೆಯರು ನದಿ ದಡದ ಪ್ರತಿ ಊರಿನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು, ಫಿಟ್ಸ್ ಮತ್ತು ಮಾನಸಿಕ ಕಾಯಿಲೆಯ ಮಾತ್ರೆಯವರು, ಕ್ಷಯದ ಚಿಕಿತ್ಸೆಯಲ್ಲಿರುವವರು, ಡಯಾಲಿಸಿಸ್‌ನವರು, ದಿನ ತುಂಬಿದ ಗರ್ಭಿಣಿಯರು ಯಾರು ಎಂದು ಪಟ್ಟಿ ಮಾಡಲಿ. ಎಚ್‌ಐವಿ ಔಷಧ ತೆಗೆದುಕೊಳ್ಳುವವರ ಹೆಸರು ಈ ಪಟ್ಟಿಯಲ್ಲಿ ಬೇಡ. ಅವರಿಗೆ ಎಆರ್‌ಟಿ ಕೇಂದ್ರದವರೇ ಜೂನ್‌ನಲ್ಲಿ ಹೆಚ್ಚಿನ ದಿನಗಳ ಮಾತ್ರೆ ಕೊಡಲಿ.

ಡಯಾಲಿಸಿಸ್‌ನವರ ಬಗ್ಗೆ ಒಂದು ಮಾತು ಹೆಚ್ಚು. ಡಯಾಲಿಸಿಸ್ ಯಂತ್ರಕ್ಕೆ ಶುದ್ಧ ನೀರು, ಕರೆಂಟು ಎರಡೂ ಬೇಕು. ಅದನ್ನು ಕಾಳಜಿ ಕೇಂದ್ರಕ್ಕೆ (ನೆರೆ ಸಂತ್ರಸ್ತರ ಶಿಬಿರಕ್ಕೆ) ಹೊತ್ತು ತರಲಾಗದು. ರಸ್ತೆ ಇರುವಾಗಲೇ ಅವರನ್ನು ಹಾಸನದ ಕಡೆ ಕಳಿಸಿ. ಸಿಕ್ಕಿಹಾಕಿಕೊಂಡರೆ ಅವರಿಗೆ ಬಾಳೆಹಣ್ಣು, ಎಳನೀರು ಕೊಡಬೇಡಿ. ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ನಮ್ಮ ಕಡೆ ಕಾಳಜಿ ಕೇಂದ್ರಕ್ಕೆ ಮೊದಲು ಬಂದಿಳಿಯುವುದೇ ಬಾಳೆಗೊನೆ.

ನೀರು ಬಂದ ಮೊದಲ ಮೂರು ದಿನ

ನೆಲದ ಮೇಲಿನ ಪೆಟ್ಟಿಗೆಗಳನ್ನು ಮೊದಲು ಮೇಲೆತ್ತಿ. ಆಮೇಲೆ ಇರುವುದನ್ನು ಎಣಿಸಿ ಮೂರು ಗುಂಪು ಮಾಡಿ. ಇಲ್ಲದಿದ್ದರೆ ಜೀವ ಹೋಗುವಂಥದ್ದು: ಇನ್ಸುಲಿನ್, ಹಾವಿನ ವಿಷಕ್ಕೆ ಪ್ರತಿವಿಷ, ಆಕ್ಸಿಟೋಸಿನ್, ಡ್ರಿಪ್, ಫಿಟ್ಸ್ ಔಷಧ, ಆಮ್ಲಜನಕ. ಕೆಲವು ದಿನ ತಡೆಯಬಹುದಾದದ್ದು ಎರಡನೆಯದು. ವಿಟಮಿನ್ ಮಾತ್ರೆ, ಕೆಮ್ಮಿನ ಸಿರಪ್ ಕೊನೆಯದು. ವಾಹನದಲ್ಲಿ ಜಾಗ ಕಡಿಮೆ ಇದ್ದರೆ ಮೊದಲ ಗುಂಪು ಮಾತ್ರ ಬರಲಿ.

ಒಬ್ಬೊಬ್ಬರಿಗೆ ತಿಂಗಳ ಮಾತ್ರೆ ಕೊಡುವ ಬದಲು ಏಳು ದಿನದ್ದು ಕೊಟ್ಟರೆ ಅದೇ ದಾಸ್ತಾನು ನಾಲ್ಕು ಪಟ್ಟು ಜನರಿಗೆ ಸಾಕಾಗುತ್ತದೆ. ಆದರೆ ಡೋಸ್ ಕಡಿಮೆ ಮಾಡಿ ಹಂಚುವುದು ಬೇಡವೇ ಬೇಡ. ಅರ್ಧ ಮಾತ್ರೆಯಿಂದ ಫಿಟ್ಸ್ ನಿಲ್ಲುವುದಿಲ್ಲ. ಬದಲಿ ಔಷಧ ಯಾವುದು ಎಂಬ ತೀರ್ಮಾನ ವೈದ್ಯರದೇ. ಅವರು ಸಿಗದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಕೇಳಿ. ತೀರಾ ತುರ್ತಾದರೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಊರಿನ ಮೆಡಿಕಲ್ ಸ್ಟೋರಿನಿಂದ ಖರೀದಿಸಬಹುದು. ಬಿಲ್, ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳಿ.

ನೆರೆ ನೀರಿನಲ್ಲಿ ನೆನೆದ ಮಾತ್ರೆ, ಸಿರಪ್, ಇಂಜೆಕ್ಷನ್ ಒಣಗಿಸಿ ಬಳಸುವಂತಿಲ್ಲ. ಒಂದೇ ವಿನಾಯಿತಿ: ಜೀವ ಉಳಿಸುವ ಮಾತ್ರೆಯ ಡಬ್ಬಿಯ ಹೊರಮೈ ಮಾತ್ರ ಕೊಳಕಾಗಿ ಒಳಗಿನ ಮಾತ್ರೆಗೆ ನೀರೇ ತಾಗಿರದಿದ್ದರೆ, ಹೊಸದು ಸಿಗುವವರೆಗೆ ನುಂಗಬಹುದು.

ಕರೆಂಟು ಹೋದರೆ ಇನ್ಸುಲಿನ್

ಆರೋಗ್ಯ ಕೇಂದ್ರದ ಐಎಲ್‌ಆರ್ (ಲಸಿಕೆ ಇಡುವ ಫ್ರಿಜ್) ಮುಚ್ಚಳ ತೆರೆಯದಿದ್ದರೆ ಕರೆಂಟು ಹೋದ ಮೇಲೂ ಹಲವು ಗಂಟೆ ತಂಪು ಹಿಡಿಯುತ್ತದೆ. ಪದೇ ಪದೇ ಇಣುಕಿ ನೋಡುವವರೇ ಲಸಿಕೆ ಕೆಡಿಸುವವರು.

ಮನೆಯಲ್ಲಿ ಗಾಬರಿ ಬೇಡ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ನಿಜ. ಆದರೆ ಬಳಕೆಗೆ ತೆಗೆದ ಬಾಟಲಿ ನಮ್ಮ ಮಳೆಗಾಲದ ಹವೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಒಂದು ಮಣ್ಣಿನ ಕುಡಿಕೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಟ್ಟರೆ ಸಾಕು. ಬರ್ಫಕ್ಕೆ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಕೆಲಸ ಮಾಡುವುದಿಲ್ಲ.

ನೀರು ಇಳಿದ ಮೇಲೆ

ಆಗ ಬೇಡಿಕೆ ಬದಲಾಗುತ್ತದೆ. ಬಿಲ ಬಿಟ್ಟ ಹಾವುಗಳು ಕೊಟ್ಟಿಗೆ, ಸೌದೆ ರಾಶಿಗೆ ಸೇರುತ್ತವೆ. ಹಾವು ಕಡಿದ ಒಬ್ಬರಿಗೆ ಮೊದಲ ಸುತ್ತಿಗೇ 8ರಿಂದ 10 ವಯಲ್ ಪ್ರತಿವಿಷ ಬೇಕಾಗಬಹುದು. ಎರಡು ವಯಲ್ ಇಟ್ಟುಕೊಂಡು 'ಸ್ಟಾಕ್ ಇದೆ' ಎಂದು ಬರೆಯುವುದು ಸುಳ್ಳು ಲೆಕ್ಕ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯ. ಆ ವರದಿಯನ್ನೇ ಮುಂದಿಟ್ಟು ಪ್ರತಿವಿಷ ಕೇಳಿ.

ಕೆಸರು ಬಾಚುವವರಿಗೆ ಇಲಿ ಜ್ವರದ ಭಯ. ಅವರಿಗೆ ವೈದ್ಯರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಬರೆಯುವುದುಂಟು. ಗರ್ಭಿಣಿಯರಿಗೆ, ಎಳೆ ಮಕ್ಕಳಿಗೆ ಅದು ಸಲ್ಲದು. ಬಾವಿಗೆ ಬ್ಲೀಚಿಂಗ್ ಪೌಡರ್ ತಿಳಿನೀರಾದರೆ 1,000 ಲೀಟರ್‌ಗೆ 2.5 ಗ್ರಾಂ, ಕಲಕಿದ್ದರೆ ಹೆಚ್ಚು. ಹಾಕಿ ಒಂದು ಗಂಟೆ ಬಿಡಿ. ಬಾಯಿ ತೆರೆದ ಮೂಟೆಯಲ್ಲಿ ತಿಂಗಳುಗಟ್ಟಲೆ ಇದ್ದ ಪೌಡರ್‌ನಲ್ಲಿ ಕ್ಲೋರಿನ್ ಅಷ್ಟೇನೂ ಉಳಿದಿರುವುದಿಲ್ಲ. ಓಆರ್‌ಎಸ್ ಪ್ಯಾಕೆಟ್ ತೀರಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮನೆಯವರು ಮಾಡಬೇಕಾದ್ದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರದ ಮಾತ್ರೆ ಹೆಚ್ಚಿಗೆ ಇರಲಿ, ಜಿಪ್ ಚೀಲದಲ್ಲಿ, ಆಧಾರ್ ಮತ್ತು ಪಡಿತರ ಚೀಟಿಯ ಜೊತೆ. ವೈದ್ಯರ ಚೀಟಿಯ ಫೋಟೊ ಮೊಬೈಲಿನಲ್ಲೂ, ಬೇರೆ ಊರಿನಲ್ಲಿರುವ ಮಗ ಅಥವಾ ಮಗಳ ಮೊಬೈಲಿನಲ್ಲೂ ಇರಲಿ. 'ಬಿಳಿ ಗುಂಡು ಮಾತ್ರೆ' ಎಂದರೆ ಯಾರಿಗೂ ತಿಳಿಯುವುದಿಲ್ಲ. ಔಷಧದ ಜೆನೆರಿಕ್ ಹೆಸರು ಗೊತ್ತಿದ್ದರೆ ಜನೌಷಧಿ ಕೇಂದ್ರದಲ್ಲೂ ಅದೇ ಔಷಧ ಕೇಳಿ ಪಡೆಯಬಹುದು. ತುರ್ತಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077.

ದಾನ ಕೊಡುವವರಿಗೆ

2004ರ ಸುನಾಮಿಯ ನಂತರ ಇಂಡೊನೇಷ್ಯಾದ ಆಚೆ (Aceh) ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧ ದಾನವಾಗಿ ಬಂತು. ಅದರಲ್ಲಿ ಹೆಚ್ಚಿನದು ಅಲ್ಲಿ ಕೇಳಿದ್ದೇ ಆಗಿರಲಿಲ್ಲ. ಎಷ್ಟೋ ಪೆಟ್ಟಿಗೆಗಳ ಮೇಲಿನ ಭಾಷೆ ಅಲ್ಲಿನವರಿಗೆ ಓದಲು ಬರುತ್ತಿರಲಿಲ್ಲ. ನಾಶ ಮಾಡುವುದೇ ಒಂದು ಕೆಲಸವಾಯಿತು. ದಾನದ ಔಷಧಕ್ಕೆ ತಲುಪಿದ ದಿನದಿಂದ ಕನಿಷ್ಠ ಒಂದು ವರ್ಷದ ಆಯುಸ್ಸಿರಬೇಕು, ಪಡೆಯುವವರು ಕೇಳಿದ್ದನ್ನೇ ಕೊಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಆದ್ದರಿಂದ ಮನೆಯಲ್ಲಿ ಉಳಿದ ಅರ್ಧ ಸ್ಟ್ರಿಪ್, ಕ್ಲಿನಿಕ್ಕಿನ ಸ್ಯಾಂಪಲ್ ಔಷಧಗಳನ್ನು ಕಾಳಜಿ ಕೇಂದ್ರಕ್ಕೆ ತರಬೇಡಿ. ಏನು ಬೇಕು ಎಂದು ತಾಲ್ಲೂಕು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೇಳಿ, ಬೇಕೆಂದದ್ದನ್ನು ಹೊಸದಾಗಿ ಕೊಂಡು ಬಿಲ್ ಸಮೇತ ಅಲ್ಲೇ ಒಪ್ಪಿಸಿ.